ಸುಣ್ಣ ಬಳಿದ ಮೊರ

ನೊಣ — ಹಾಳು ನೊಣ, ಕೋವಿಯ ನಳಿಗೆಯ ತುದಿಯ ಗುರಿಮೊಳೆಯ ಮೇಲೇ ಬಂದು ಕೂರಬೇಕೇ ಅದು, ಹಿರೋಡೆಯ ಈ ಬಯಲಿನಲ್ಲಿ ಮೂರು ತಾಲ್ಲೂಕಿನ ಎತ್ತುಗಳು ಹಾಕಿದ ಸಗಣಿ ಇನ್ನೊಂದು ಕುಂತಿಬೆಟ್ಟವಾಗಿ ಬಿದ್ದಿರುವಾಗ, ಕೂತದ್ದು ಸಾಲದೆಂದು ಮುಂಗಾಲು ಬೇರೆ ಉಜ್ಜಿಕೊಳ್ಳುತ್ತಿದೆ, ಬಾಳೆಲೆಯ ಮುಂದೆ ಕೂತ ಶಾನುಭೋಗನ ಹಾಗೆ, ಒಂದು ಕಣ್ಣು ಮುಚ್ಚಿ ನೋಡಿದರೆ ಎಮ್ಮೆಯಷ್ಟಾಗಿ ಕಾಣುತ್ತಿದೆ, ಎಮ್ಮೆಯ ಆಚೆ ಬೆಟ್ಟ, ಬೆಟ್ಟದ ಈಚೆ ಮಣ್ಣಿನ ದಿಬ್ಬ, ಹಿಂದೆ ಇಲ್ಲಿ ದಂಡು ಇದ್ದಾಗ ಸಿಪಾಯಿಗಳು ಗುಂಡು ಹೊಡೆದು ಕಲಿಯುತ್ತಿದ್ದ ದಿಬ್ಬ, ಅದರ ಮುಂದೆ ಹಲಗೆ, ಹಲಗೆಗೆ ಬಿಗಿದ ಬಿಳೀ ಬಟ್ಟೆ, ಬಟ್ಟೆಯ ನಡುವೆ ಎಣ್ಣೆಮಸಿಯಲ್ಲಿ ಬರೆದ ಕರೀ ಚುಕ್ಕೆ, ರಾಗಿರೊಟ್ಟಿಯಷ್ಟು ಅಗಲದ್ದು, ಮಂಚಯ್ಯನಿಗೆ ಅದು ಹುಣ್ಣಿಮೆ ಚಂದ್ರನಷ್ಟು ನಿಚ್ಚಳವಾಗಿ ಕಾಣುತ್ತಿದೆ — ಕಾಣುತ್ತಿದೆ ಎಂದರೆ, ಅಲ್ಲೊಂದು ಕಪ್ಪು ಇದೆ ಎಂದು ಗೊತ್ತಲ್ಲ, ಗೊತ್ತಿದ್ದರೆ ಕಂಡ ಹಾಗೇ. ಈ ಕಣ್ಣು ಏನು ಸಾಮಾನ್ಯದ ಕಣ್ಣೇ, ಸಿಂಧಘಟ್ಟದ ಕೆರೆ ಏರಿಯ ಮೇಲೆ ನಿಂತು ಮೇಲುಕೋಟೆ ಬೆಟ್ಟ ಹತ್ತುವವರ ಹಣೆಯ ನಾಮ ತೆಂಗಲೆಯೋ ವಡಗಲೆಯೋ ಎಂದು ಹೇಳಿದ ಕಣ್ಣು, ಆ ಕಡೆಯ ಕಾಡಿನ ಹುಲಿಗಳು ಹಟಮಾಡುವ ಮರಿಗಳನ್ನು ಮಲಗಿಸುವುದಕ್ಕೆ ಹೇಳುವ ಹೆಸರು ಮಂಚಯ್ಯ, ಇದನ್ನೆಲ್ಲ ಅವನೇ ಹೇಳಿದ್ದು, ಬೇರೆ ಯಾರು ಹೇಳಿದರೆ ಇಷ್ಟು ಸರಿಯಾಗಿ ಹೇಳುತ್ತಾರೆ. ಸಂಕ್ರಾಂತಿ ಕಳೆದ ಬಿಸಿಲು ಬೆನ್ನ ಮೇಲೆ ರೊಟ್ಟಿ ತಟ್ಟುತ್ತಿದೆ, ಎದೆಯ ಕೆಳಗೆ ಕರೀ ಕಂಬಳಿ ಚುಚ್ಚುತ್ತಿದೆ, ಕೋವಿ ಲೈಸೆನ್ಸು ಇದ್ದವರೆಲ್ಲ ಸೇರಿ ನಡೆಸುವ ಪಂದ್ಯ, ಎಲ್ಲರಿಗೂ ಒಂದೇ ರೈಫಲ್ಲು, ತಲೆಗೆ ಐದು ತೋಟಾ, ಗೆದ್ದವನಿಗೆ ಬೆಳ್ಳಿ ಬಟ್ಟಲು — ಬಟ್ಟಲು ಯಾರಿಗೆ ಬೇಕು, ನಾಗಮಂಗಲದ ಸೋಮಯ್ಯ ತಗೊಂಡು ಹೋಗಿ ಅದರಲ್ಲಿ ಹುರುಳಿ ನೆನೆಹಾಕಲಿ. ಮಂಚಯ್ಯ ಬಂದಿರುವುದು ತಮ್ಮನ ಮೇಲಿನ ವ್ಯಾಜ್ಯಕ್ಕೆ. ಸತ್ತ ತಮ್ಮನ ಮೇಲೆ. ಇವತ್ತು ಐದು ಗುಂಡೂ ಕರಿಗೆ ಬಿದ್ದರೆ ಹೋದ ವರ್ಷ ಇದೇ ಬಯಲಿನಲ್ಲಿ ಚಲುವ ಅಣ್ಣನಿಗೆ ಸುಳ್ಳು ತೋರಿಸಿದ ಎಂದು ರುಜುವಾತಾಗುತ್ತದೆ, ಅವನ ಬಾಯಿಗೆ ಕಡೆಯ ನೀರು ಬಿಡದೆ ಗೋಡೆಯ ಈಚೆ ನಿಂತ ಅಣ್ಣ ತಪ್ಪು ಮಾಡಲಿಲ್ಲ ಎಂದಾಗುತ್ತದೆ, ಬೀಳದಿದ್ದರೆ — ಬೀಳದಿದ್ದರೆ ಎನ್ನುವ ಮಾತೇ ಇಲ್ಲ.

ಬೆರಳು ಕೋವಿಯ ಕುದುರೆಯನ್ನು ಎಳೆಯಿತು, ಭುಜಕ್ಕೆ ಕತ್ತೆ ಒದ್ದ ಹಾಗೆ ಒದೆ, ನೊಣ ಎಲ್ಲಿ ಹೋಯಿತೋ, ಸದ್ದು ಹೋಗಿ ಕುಂತಿಬೆಟ್ಟಕ್ಕೆ ಬಡಿದು ವಾಪಸ್ಸು ಬಂದು ಸಾಲುಗಾಡಿಗಳ ಎತ್ತುಗಳನ್ನೆಲ್ಲ ಎಬ್ಬಿಸಿತು, ಈಗ ಏಳುತ್ತದೆ, ಈಗ, ದಿಬ್ಬದ ಮುಂದಿನ ಗುಂಡಿಯಿಂದ ಬಿದಿರ ಗಳದ ತುದಿಯಲ್ಲಿ ಬಿಳೀ ಮೊರ, ಸುಣ್ಣ ಬಳಿದ ಮೊರ, ಕೆರೆಯಿಂದ ಬೆಳ್ಳಕ್ಕಿ ಎದ್ದ ಹಾಗೆ ನೆಟ್ಟಗೆ ಮೇಲಕ್ಕೆ ಎದ್ದು, ಒಂದು ಗಳಿಗೆ ನಿಂತು, ಮೆಲ್ಲಗೆ ಬಾಗಿ ಕರೀ ಚುಕ್ಕೆಯನ್ನು ಮುಟ್ಟುತ್ತದೆ — ಬಿತ್ತು ಎಂದು ಅರ್ಥ. ಎದ್ದಿತು. ಮೊರವಲ್ಲ. ಕೆಂಪು ಬಟ್ಟೆ. ಅತ್ತ ಒಂದು ಸಲ ಇತ್ತ ಒಂದು ಸಲ ಬೀಸಿ ಒಳಗೆ ಹೋಯಿತು. ಬಟ್ಟೆಗೇ ತಾಗಿಲ್ಲ ಎಂದು ಅರ್ಥ. ನೊಣ ಕಣ್ರಪ್ಪಾ ಎಂದ ಮಂಚಯ್ಯ ಹಿಂದೆ ಕೂತವರಿಗೆ ಕೇಳುವ ಹಾಗೆ, ಕಾಗೆ ಗಾತ್ರದ ನೊಣ, ನಳಿಗೆ ಬಗ್ಗಿಸ್ಬುಡ್ತು. ಯಾರೋ ನಕ್ಕರು. ಗುಂಡಿಯೊಳಗೆ ಈ ಸಲ ಕೂತಿರುವವನು ಗಂಜಾಂನ ಖಾಸಿಂ ಸಾಬಿ, ಮಹಾರಾಜರ ದಂಡಿನಲ್ಲಿದ್ದು ಪಿಂಚಣಿ ಪಡೆದವನು, ಅವನ ಮೀಸೆ ಕೂಡ ಸಲಾಮು ಹೊಡೆಯುತ್ತದೆ ಎನ್ನುತ್ತಾರೆ, ಅವನಿಗೇನು ಗೊತ್ತು ಇಲ್ಲಿನ ಕೆಲಸ, ಈ ಗುಂಡಿ ಚಲುವನದು, ಹತ್ತು ಹನ್ನೆರಡು ವರ್ಷದಿಂದ ಅವನದೇ, ಒಬ್ಬೊಬ್ಬರೂ ಗುಂಡು ಹೊಡೆದ ಮೇಲೆ ಕಲ್ಲು ಹತ್ತಿ ಬಟ್ಟೆ ನೋಡಿ, ತೂತು ಬಿದ್ದ ಕಡೆ ಹಳೇ ಛತ್ರಿ ಬಟ್ಟೆಯ ಚೂರಿಗೆ ರಾಗಿಗಂಜಿ ಬಳಿದು ತೇಪೆ ಹಾಕಿ, ಮುಂದಿನ ಗುಂಡಿನ ತೂತು ಇದರ ಜೊತೆ ಕಲೆಸಿಹೋಗದ ಹಾಗೆ ಮುಚ್ಚಿ, ಆಮೇಲೆ ಮೊರ ಎತ್ತುವುದು, ಇಷ್ಟೇ ಕೆಲಸ, ಆದರೆ ಮೊರ ಎತ್ತುವವನ ಮಾತೇ ಇಲ್ಲಿ ಹೈಕೋರ್ಟು, ಇನ್ನೂರು ಗಜ ದೂರದಿಂದ ತೂತನ್ನು ಯಾವ ದೇವರು ಕಂಡ.

ಮೊರ ಅವ್ವನದು. ಪಂದ್ಯದ ಸಂಘದವರು ಗಳದ ತುದಿಗೆಂದು ಕೊಟ್ಟಿದ್ದ ತಗಡಿನ ಬಿಲ್ಲೆ ಮುರಿದ ವರ್ಷ ಚಲುವ ಮನೆಯ ಅಟ್ಟದಿಂದ ಇಳಿಸಿ ತಂದ, ಸಗಣಿ ಸಾರಿಸಿ ಗಟ್ಟಿಮಾಡಿ ಮೇಲೆ ಸುಣ್ಣ ಬಳಿದ, ಇದಾದ್ರೆ ನಿಂಗೆ ದೂರಕ್ಕೂ ಕಾಣ್ತದೆ ಕಣಣ್ಣ ಎಂದ. ಅದೇ ಮೊರದಲ್ಲಿ ಅವನನ್ನು ಮೊದಲ ಸಲ ನೋಡಿದ್ದು ಮಂಚಯ್ಯ, ನಡುಮನೆಯಲ್ಲಿ ಹರಿದ ಸೀರೆಯ ಚೂರು ಹಾಸಿ ಮಲಗಿಸಿದ್ದರು, ಹುಟ್ಟಿದ ಕೂಸನ್ನು ಮೊರಕ್ಕೆ ಹಾಕುವುದು ಪದ್ಧತಿಯಲ್ಲವೇ, ಕೆಂಪಗೆ ಇಲಿಮರಿಯಂತೆ ಇತ್ತು, ಅವ್ವ ಕಂಬಕ್ಕೊರಗಿ ಹೇಳಿದಳು, ನೋಡ್ಲಾ ಮಂಚ, ನಿನ್ ಬೆನ್ನಿಂದೆ ಬಂದವ್ನೆ, ಇವನ್ನ ಬುಟ್ಟಾಕ್ಬ್ಯಾಡ. ಬಿಟ್ಟನೇ, ಎಲ್ಲಿ ಬಿಟ್ಟ, ಹೆಗಲ ಮೇಲೆ ಕೂರಿಸಿಕೊಂಡು ಸಿಂಧಘಟ್ಟದಿಂದ ಕಾಶಿಗೆ ಹೋಗಿ ಬರುವಷ್ಟು ದೂರ ತಿರುಗಿದ್ದಾನೆ, ಅವನಿಗೆ ಮದುವೆ ಮಾಡಿ ಬೆಟ್ಟಮ್ಮನನ್ನು ತಂದದ್ದು ಯಾರು, ಮಂಚಯ್ಯ, ಆ ಮದುವೆಯ ಊಟಕ್ಕೆ ಕಾವೇರಿಯೇ ಸಾರಾಗಿ ಹರಿದಿತ್ತು. ಇನ್ನೊಂದು ತೋಟಾ ಒಳಗೆ ಹೋಯಿತು, ಕೊಕ್ಕೆ ಕಟಕ್ಕೆಂದಿತು, ಕಂಬಳಿಯ ಮೇಲೆ ಮೊಣಕೈ ಊರಿ, ಉಸಿರು ಕಟ್ಟಿ — ಗಾಳಿ, ಎಡದಿಂದ ಒಂದಿಷ್ಟು ಗಾಳಿ, ತಲೆಯ ಮೇಲಿನ ರುಮಾಲಿನ ಚುಂಗು ಕಿವಿಗೆ ಬಡಿಯುತ್ತಿದೆ.

ಈ ರುಮಾಲು ನೋಡುವುದಕ್ಕೇ ಅರ್ಧ ಜನ ಬರುತ್ತಾರೆ. ಇಲ್ಲಿ ಒಬ್ಬರ ಬಟ್ಟೆಗೆ ಇನ್ನೊಬ್ಬರು ಗುಂಡು ಹೊಡೆಯುವುದಿಲ್ಲ, ಅವರವರ ಮನೆಯಿಂದ ಅವರವರ ಹೆಂಗಸರು ಅಂಚು ಮಡಿಸಿ ಹೊಲಿದ ಚೌಕದ ಬಟ್ಟೆಯನ್ನು ಅವರವರೇ ತರಬೇಕು, ಗೆದ್ದವನ ಬಟ್ಟೆಯನ್ನು ಹಲಗೆಯಿಂದ ಬಿಚ್ಚಿ ಅವನ ತಲೆಗೇ ರುಮಾಲಾಗಿ ಸುತ್ತಿ ಕಳಿಸುತ್ತಾರೆ, ತೇಪೆಗಳು ಹಣೆಯ ಮೇಲೆ ಬರುವ ಹಾಗೆ, ಆ ತೇಪೆಯನ್ನು ಯಾವ ಕಾಲಕ್ಕೂ ಕೀಳುವ ಹಾಗಿಲ್ಲ, ಕಿತ್ತರೆ ಗುರಿಕಾರನ ಕಣ್ಣು ಹೋಗುತ್ತದೆ, ಹಾಗೆಯೇ ಗುರಿಕಾರ ಯಾವ ಕಾಲಕ್ಕೂ ಗುಂಡಿಗೆ ಇಳಿಯುವ ಹಾಗಿಲ್ಲ, ಅದು ಮೊರ ಎತ್ತುವವನ ಜಾಗ. ಮಂಚಯ್ಯನ ಮನೆಯಲ್ಲಿ ಇಂಥ ರುಮಾಲುಗಳು ಗಳುವಿನ ತುಂಬ ತೂಗುತ್ತವೆ, ಇವತ್ತು ಸುತ್ತಿಕೊಂಡು ಬಂದಿರುವುದು ಎಲ್ಲಕ್ಕಿಂತ ದೊಡ್ಡದು, ಐದಕ್ಕೆ ಐದೂ ಕರಿಗೆ ಬಿದ್ದ ವರ್ಷದ್ದು, ಐದು ಕರೀ ತೇಪೆ ಒತ್ತೊತ್ತಾಗಿ, ಸತ್ತ ಇಲಿಗೆ ಮುತ್ತಿದ ಕಾಗೆಗಳ ಹಾಗೆ, ಆವತ್ತು ಐದು ಸಲ ಮೊರ ಎದ್ದಿತ್ತು, ಜನ ಗಾಡಿಯ ಮೂಕಿಯ ಮೇಲೆ ಹತ್ತಿ ಕುಣಿದಿದ್ದರು, ಕುಣಿತಕ್ಕೆ ಹಿರೋಡೆಯ ಮನೆಗಳ ಹೆಂಚು ಉದುರಿದ್ದವು — ಬೆರಳು ಎಳೆಯಿತು, ಒದೆ, ಸದ್ದು, ಬೆಟ್ಟ. ಮೊರ ಏಳು, ಏಳು. ಕೆಂಪು ಬಟ್ಟೆ. ಅತ್ತ ಒಂದು ಸಲ, ಇತ್ತ ಒಂದು ಸಲ. ಗಾಳಿ ಎಂದ ಮಂಚಯ್ಯ, ಆ ಗಾಳೀಲಿ ಆನೆ ಹಾರಿ ಓಗದು, ಗುಂಡು ಯಾವ ಲೆಕ್ಕ. ಈ ಸಲ ನಗು ಸ್ವಲ್ಪ ಹೊತ್ತು ನಿಂತಿತು. ಸೋಮಯ್ಯ ನಶ್ಯದ ಡಬ್ಬಿ ತಟ್ಟುತ್ತ ಹೇಳಿದ, ಮಂಚಣ್ಣ, ಕುಂತಿಬೆಟ್ಟದ ಮೇಲೆ ಕುರಿ ಮೇಯಿಸೋರವ್ರೆ, ಉಸಾರು.

ಕುರಿಯಲ್ಲ, ಮೊಲ. ಈಗ ಯಾಕೆ ನೆನಪಾಗುತ್ತದೆ ಮೊಲ. ಮೇಲುಕೋಟೆ ಕಡೆಯ ಕುರುಚಲಿನಲ್ಲಿ ಮಂಚಯ್ಯ ಗುಂಡು ಹೊಡೆದ ಪ್ರತಿಸಲ ಪೊದೆಯೊಳಗೆ ನುಗ್ಗುತ್ತಿದ್ದವನು ಚಲುವ, ನೀನಿರಣ್ಣ ಮುಳ್ಳು ಎಂದು ಹೇಳಿ ಹೋಗಿ, ಒಂದು ಎಲೆಅಡಿಕೆ ಮುಗಿಯುವಷ್ಟು ಹೊತ್ತಿಗೆ ಕಿವಿ ಹಿಡಿದು ಮೊಲ ತರುತ್ತಿದ್ದ, ಕೌಜುಗ ತರುತ್ತಿದ್ದ, ಒಂದು ಸಲ ಮೊಲದ ಮೈಯೆಲ್ಲ ಹುಡುಕಿದರೂ ಗಾಯ ಸಿಗಲಿಲ್ಲ, ಕುತ್ತಿಗೆಯ ಸುತ್ತ ಮಾತ್ರ ದಾರ ಬಿಗಿದ ಹಾಗೆ ಒಂದು ಗೆರೆ, ಗುಂಡೆಲ್ಲಿ ಬಿತ್ಲಾ ಎಂದರೆ ಚಲುವ ಮುಖ ಗಂಟುಹಾಕಿ ಯೋಚನೆ ಮಾಡಿ, ಬಾಯೊಳಗೋಗಿ ಇಂದ್ಲಿಂದ ಬಂತು ಕಣಣ್ಣ, ಅಂಗೆ ಒಡೆಯಾದು ಇನ್ಯಾರ ಕೈಲಾಯ್ತದೆ ಎಂದ, ಆ ರಾತ್ರಿಯಿಂದ ಮಂಚಯ್ಯ ಆ ಮೊಲದ ಕತೆಯನ್ನು ಸಂತೆಸಂತೆಗೆ ಹೇಳಿದ, ಹೇಳುತ್ತ ಹೇಳುತ್ತ ಮೊಲ ಹಂದಿಯಾಯಿತು, ಹಂದಿ ಚಿರತೆಯಾಯಿತು, ಕಿಕ್ಕೇರಿ ದಾಟುವಷ್ಟರಲ್ಲಿ ಹೆಬ್ಬುಲಿಯಾಗಿತ್ತು. ಮಾಯಮ್ಮ, ಮಂಚಯ್ಯನ ಹೆಂಡತಿ, ಒಲೆಯ ಮುಂದೆ ಕೂತು ಕೇಳುತ್ತ ಸೌದೆ ಒಳಕ್ಕೆ ತಳ್ಳುತ್ತಿದ್ದಳು, ಈ ಬೆಳಿಗ್ಗೆ ಗಾಡಿ ಕಟ್ಟುವಾಗ ಬುತ್ತಿ ಕೈಗಿಟ್ಟು ಹೇಳಿದ್ದು ಒಂದೇ ಮಾತು, ಚಲುವಪ್ಪ ನಿಮ್ಗೆ ಸುಳ್ ತೋರ್ಸೋ ಮನ್ಸ ಅಲ್ಲ ಕಣಿ, ಓಗ್ಲಿ ಬುಡಿ, ಓಗಿರೋರ ಮೇಲೆ ಯಾತರ ಪಂದ್ಯ. ಅಲ್ಲವೇ, ಅಲ್ಲದಿದ್ದರೆ ಹೋದ ವರ್ಷ ಆ ಕೆಂಪು ಬಟ್ಟೆ ಯಾರು ಬೀಸಿದ್ದು.

ಮೂರನೆಯ ತೋಟಾ. ಹೋದ ವರ್ಷ ಅಮಲ್ದಾರರು ಮೊದಲೇ ಟಾಂಟಾಂ ಹೊಡೆಸಿದ್ದರು, ಈ ಸಲ ಇಲ್ಲಿ ಗೆದ್ದವನನ್ನು ಮೈಸೂರಿಗೆ ಕರೆಸಿ ದೊಡ್ಡ ದೊಡ್ಡ ಅಧಿಕಾರಿಗಳ ಮುಂದೆ ಗುಂಡು ಹೊಡೆಸುತ್ತಾರೆ ಎಂದು, ಅದನ್ನು ಕೇಳಿದ ದಿನದಿಂದ ಮಂಚಯ್ಯ ನೆಲದ ಮೇಲೆ ನಡೆಯಲಿಲ್ಲ, ಗಾಡಿಯಲ್ಲಿ ಹಿರೋಡೆಗೆ ಬರುವಾಗ ಮೈಸೂರಿನಲ್ಲಿ ಯಾವ ಯಾವ ದೊರೆಯ ಟೋಪಿ ಹಾರಿಸಬೇಕೆಂದು ಎತ್ತುಗಳಿಗೆ ಹೇಳುತ್ತಿದ್ದ, ಚಲುವ ಹಿಂದೆ ಹುಲ್ಲಿನ ಮೇಲೆ ಕೂತು ಮೊರಕ್ಕೆ ಹೊಸದಾಗಿ ಸುಣ್ಣ ಬಳಿಯುತ್ತಿದ್ದ, ಕುಂಚ ನಿಲ್ಲಿಸಿ ಕೇಳಿದ, ಅಣ್ಣ, ಮೈಸೂರಲ್ಲೂ ಗುಂಡಿಯೊಳಕ್ಕೆ ನನ್ನೇ ಬುಡ್ತಾರಾ. ನಿನ್ಯಾಕ್ಲಾ, ಅಲ್ಲಿ ದೊರೆಗಳ ಕಡೆಯೋರೇ ಕೂರ್ತಾರೆ. ನನ್ ಬುಡಾಕಿಲ್ವಾ. ಇಲ್ಲ ಕಣ್ಲಾ, ನೀನು ನಂಜನಗೂಡು ಬಾಳೆಹಣ್ಣು ತಿಂದ್ಕಂಡು ನೋಡು. ಅಂಗಾರೆ ಮೈಸೂರು ಬ್ಯಾಡ ಬುಡಣ್ಣ. ಯಾಕ್ಲಾ, ನಾನು ದೊಡ್ಡೋನಾಯ್ತೀನಿ ಅಂತ ಒಟ್ಟೆಕಿಚ್ಚಾ ನಿಂಗೆ. ಚಿನಕುರಳಿ ದಾಟಿತು, ಕೆರೆ ದಾಟಿತು, ಚಲುವ ಸುಣ್ಣ ಒಣಗಿದ ಮೇಲೂ ಬಳಿಯುತ್ತಲೇ ಇದ್ದ. ಆಮೇಲೆ ಇದೇ ಕಂಬಳಿ, ಇದೇ ಬಯಲು, ಒಂದು ಗುಂಡು, ಮೊರ, ಎರಡು, ಮೊರ, ಮೂರು, ಮೊರ, ನಾಲ್ಕು, ಮೊರ, ಇನ್ನೊಂದು ಬಿದ್ದರೆ ಸೋಮಯ್ಯ ನಾಗಮಂಗಲದ ತನಕ ಅಳುತ್ತ ಹೋಗಬೇಕು, ಐದನೆಯದು ಹೊಡೆದು ಮಂಚಯ್ಯ ಫಲ ನೋಡುವ ಮೊದಲೇ ಎದ್ದು ನಿಂತು ಮೀಸೆಗೆ ಕೈಹಾಕಿದ್ದ, ಗುಂಡಿಯಿಂದ ಬಹಳ ಹೊತ್ತು ಏನೂ ಏಳಲಿಲ್ಲ, ಬಹಳ ಹೊತ್ತು, ಆಮೇಲೆ ಎದ್ದಿತು, ಕೆಂಪು. ಕೈ ಮೀಸೆಯ ಮೇಲೇ ಉಳಿಯಿತು, ಬಟ್ಟಲು ಸೋಮಯ್ಯನಿಗೆ ಹೋಯಿತು. ಈಗ ಬೆರಳು ಎಳೆಯಿತು, ಒದೆ, ಸದ್ದು — ಇದು ಬಿತ್ತು, ಇದು ಬಿದ್ದೇ ಬಿತ್ತು, ಬಿದ್ದದ್ದು ಕೈಗೇ ಗೊತ್ತಾಗುತ್ತದೆ — ಕೆಂಪು.

ಯಾರೂ ನಗಲಿಲ್ಲ ಈ ಸಲ. ನಗದಿದ್ದದ್ದು ನಕ್ಕದ್ದಕ್ಕಿಂತ ಕೆಟ್ಟದಾಗಿ ಬೆನ್ನಿಗೆ ತಾಗಿತು. ಹೋದ ವರ್ಷ ಚಲುವ ಗುಂಡಿಯಿಂದ ತಾನೇ ಎದ್ದು ಬಂದ, ಗಳ ಹೆಗಲ ಮೇಲಿಟ್ಟುಕೊಂಡು, ತುದಿಯಲ್ಲಿ ಮೊರ ಅಲ್ಲಾಡುತ್ತಿತ್ತು, ಬಂದು ಅಣ್ಣನ ಮುಂದೆ ನಿಂತ, ಎಷ್ಟ್ ಕೊಟ್ಟನ್ಲಾ ನಾಗಮಂಗಲದೋನು ಎಂದು ಕೇಳಿ ಮಂಚಯ್ಯ ಹೊಡೆದ, ಮೂರು ತಾಲ್ಲೂಕಿನ ಜನರ ಮುಂದೆ, ಕೈಯೆತ್ತಿ ಕೆನ್ನೆಗೆ, ಆ ಏಟಿನ ಸದ್ದು ಕುಂತಿಬೆಟ್ಟಕ್ಕೆ ಹೋಗಲಿಲ್ಲ, ಅಲ್ಲೇ ಬಿತ್ತು, ಅದೊಂದನ್ನು ಮಾತ್ರ ದೊಡ್ಡದು ಮಾಡಿ ಹೇಳುವುದಕ್ಕೆ ಮಂಚಯ್ಯನಿಗೆ ಇವತ್ತಿಗೂ ಬರುವುದಿಲ್ಲ. ಗುಂಡು ಬರ್ನಿಲ್ಲ ಅಣ್ಣ ಎಂದ ಚಲುವ. ಇನ್ನೊಂದು ಹೊಡೆದಾಗಲೂ ಅದೇ, ಗುಂಡು ಬರ್ನಿಲ್ಲ. ಊರಿಗೆ ಹೋದ ವಾರಕ್ಕೆ ನಡುಮನೆಗೆ ಅಡ್ಡಗೋಡೆ ಎದ್ದಿತು, ಪಾಲಿಗೆ ಬಂದ ತುಂಡು ಹೊಲ ಸಾಲದೆ ಚಲುವ ಹೊಸ ನಾಲೆ ಅಗೆಯುವ ಕೂಲಿಗೆ ಹೋದ, ಅಲ್ಲಿಂದ ಚಳಿಜ್ವರ ಹೊತ್ತು ತಂದ, ಅಡ್ಡಗೋಡೆಯ ಆಚೆಯಿಂದ ಅವನ ಹಲ್ಲು ಕಟಕಟಗುಟ್ಟುವುದು ಈಚೆ ರಾಗಿ ಬೀಸುವ ಸದ್ದಿನ ಮೇಲೂ ಕೇಳುತ್ತಿತ್ತು. ಬೆಟ್ಟಮ್ಮ ಬಂದಳು, ಕೊಟ್ಟಿಗೆಯ ಬಾಗಿಲಲ್ಲಿ ಸೆರಗು ಮುಂದಕ್ಕೆಳೆದುಕೊಂಡು ಮುಖ ತಿರುಗಿಸಿ ನಿಂತಳು, ಭಾವ, ನಿಮ್ನೇ ಕೇಳ್ತಾವ್ರೆ, ಒಂದ್ ಗಳ್ಗೆ ಬಂದು ಓಗಿ. ಕೆಂಪ್ ಬಟ್ಟೆ ಬೀಸೋರ ಹತ್ರ ನಂಗೇನು ಕೆಲ್ಸವ್ವಾ. ಹೋದಳು. ಸಂಜೆಗೆ ಮತ್ತೆ ಬಂದಳು, ಬರ್ದಿದ್ರೆ ಬ್ಯಾಡ ಅಂದ್ರು ಭಾವ, ಒಂದ್ ಮಾತು ಏಳ್ಬುಟ್ ಬಾ ಅಂದ್ರು, ಅಣ್ಣನ ರುಮಾಲ್ಗಳ್ನ ನೀರಿಗಾಕ್ಬ್ಯಾಡಿ ಅಂತ, ಅತ್ಗೆಮ್ಮಂಗೂ ಏಳು, ಒಗೀಬ್ಯಾಡಿ ಅಂತ. ಮಂಚಯ್ಯ ನಕ್ಕ, ದೊಡ್ಡದಾಗಿ, ಗೋಡೆಯ ಆಚೆ ಕೇಳಲಿ ಎಂದೇ, ಸಾಯೋ ಒತ್ನಲ್ಲಿ ಅಗಸನ ಲೆಕ್ಕ ಕೇಳ್ತಾವ್ನೆ, ಜರ ನೆತ್ತಿಗೇರೈತೆ ಓಗವ್ವಾ ಎಂದ. ಬೆಳಗಿನ ಜಾವಕ್ಕೆ ಹಲ್ಲಿನ ಸದ್ದು ನಿಂತಿತು. ಮಂಚಯ್ಯ ಹಿಡಿ ಮಣ್ಣು ಹಾಕುವುದಕ್ಕೂ ಹೋಗಲಿಲ್ಲ.

ನಾಲ್ಕನೆಯದನ್ನು ಅವನು ಯಾವಾಗ ಹೊಡೆದ, ಹೊಡೆದದ್ದು ಭುಜಕ್ಕೆ ಗೊತ್ತು, ಕಣ್ಣಿನ ಮುಂದೆ ಕೆಂಪು ಅತ್ತ ಇತ್ತ ಬೀಸಿ ಒಳಗೆ ಹೋಯಿತು. ಈ ಸಾಬಿಗೆ ಎಷ್ಟ್ ಕೊಟ್ಟೆ ಸೋಮಯ್ಯ ಎಂದು ಕೇಳಿದ ಮಂಚಯ್ಯ, ಕೇಳಿದ್ದು ತನಗೇ ಹಳೆಯದಾಗಿ ಕೇಳಿಸಿತು. ಸೋಮಯ್ಯ ನಶ್ಯದ ಡಬ್ಬಿ ಮುಚ್ಚಿ, ನಾನ್ಯಾಕಣ್ಣ ಕೊಡ್ಲಿ, ಓದೊರ್ಸಾನೂ ಕೊಟ್ಟಿರ್ಲಿಲ್ಲ, ನಿಮ್ ಚಲುವಯ್ಯನ ಬಾಯಿಗೆ ಒಂದ್ ಎಲೆಅಡ್ಕೆ ಕೊಟ್ರೆ ತಿಂತಿರ್ಲಿಲ್ಲ ಆವಯ್ಯ, ಮೊರ ಎತ್ತೋರು ಯಾರ್ದೂ ತಿನ್ಬಾರ್ದು ಅಂತಿದ್ದ ಎಂದ. ಮಂಚಯ್ಯ ಎದ್ದ, ಒಂದು ತೋಟಾ ಕಂಬಳಿಯ ಮೇಲೆ ಉಳಿಯಿತು, ಗೌಡ್ರೇ ಎಲ್ಲಿಗೆ, ಗೌಡ್ರೇ ಅಂಗೆಲ್ಲ ಓಗಂಗಿಲ್ಲ ಎಂದು ಯಾರೋ ಕೂಗುತ್ತಿದ್ದಾರೆ, ಅಮಲ್ದಾರರ ಜವಾನ, ಡವಾಲಿಯವನು, ಹಿಂದೆ ಓಡಿ ಬಂದು ನಿಂತ, ಈ ಇನ್ನೂರು ಗಜ ಇಷ್ಟು ಉದ್ದ ಇತ್ತೇ, ಕೃಷ್ಣರಾಜಪೇಟೆಗೆ ನಡೆದು ಹೋದ ಹಾಗಿದೆ, ಒಣ ಹುಲ್ಲು ಕಾಲಿಗೆ ಚುಚ್ಚುತ್ತಿದೆ, ಕರೀ ಚುಕ್ಕೆ ದೊಡ್ಡದಾಗುತ್ತ ಬಂತು, ಈಗ ಅದಕ್ಕೊಂದು ಅಂಚು ಕಾಣುತ್ತಿದೆ, ಈಗ ಮಾಯಮ್ಮ ಹೊಲಿದ ದಾರ ಕಾಣುತ್ತಿದೆ, ಇಷ್ಟು ಹತ್ತಿರ ಬಂದ ಮೇಲೆ ಕಾಣುತ್ತಿದೆ — ಹಾಗಾದರೆ ಅಲ್ಲಿಂದ ಕಂಡದ್ದು ಏನು. ಖಾಸಿಂ ಸಾಬಿ ಗುಂಡಿಯೊಳಗಿಂದ ತಲೆಯೆತ್ತಿ ನೋಡಿದ, ಸಿಟ್ಟಾಗಲಿಲ್ಲ, ಕೈಯಲ್ಲಿದ್ದ ಕೆಂಪು ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟ. ಆವೋ ಗೌಡ್ರೇ, ಇಳೀರಿ, ನಂದು ಝೂಟ್ ಇದ್ರೆ ನೀವೇ ನೋಡಿ. ನಾನೇನ್ ಮಾಡ್ಲಿ, ಗುಂಡು ಬಂದೇ ಇಲ್ಲ.

ಇಳಿದ. ಗುರಿಕಾರ ಇಳಿಯಬಾರದ ಗುಂಡಿಗೆ ಇಳಿದ. ತಂಪು, ರಾಗಿಗಂಜಿ ಹುಳಿಬಂದ ವಾಸನೆ, ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಅಂಗೈಯಷ್ಟು ಗೂಡು, ಚಲುವ ಹೊಗೆಸೊಪ್ಪು ಇಡುತ್ತಿದ್ದ ಗೂಡು ಇರಬೇಕು, ಹತ್ತಿ ನಿಲ್ಲುವ ಕಲ್ಲು ಪಾದದ ಆಕಾರಕ್ಕೆ ನುಣ್ಣಗಾಗಿದೆ, ತಲೆಯ ಮಟ್ಟದಲ್ಲಿ ಗುಂಡಿಯ ಅಂಚಿನ ಮಣ್ಣನ್ನು ಗುಂಡುಗಳು ಉತ್ತ ಗೆರೆಗಳು, ಹಳೆಯವು, ಹೊಸವು, ಯಾರ ಗುಂಡುಗಳು ಇಷ್ಟು ಕೆಳಗೆ ಬಂದು ಇಲ್ಲಿ ಬೀಳುತ್ತಿದ್ದವು, ಕೂತವನ ತಲೆಗೂದಲಿನ ಮೇಲೆ, ಯಾರದು. ಹಲಗೆಯ ಬಟ್ಟೆಯ ಮೇಲೆ ಕೈಯಾಡಿಸಿದ, ಮೇಲೆ, ಕೆಳಗೆ, ಅಂಚಿನ ಹೊಲಿಗೆಯ ತನಕ, ಈಗ ತಾನೇ ಒಗೆದ ಬಟ್ಟೆಯ ಹಾಗೆ ನುಣ್ಣಗಿತ್ತು, ಒಂದು ದಾರ ಹರಿದಿರಲಿಲ್ಲ. ಪಕ್ಕದಲ್ಲಿ ಸೋಮಯ್ಯನ ಬಟ್ಟೆ ಬಿಚ್ಚಿಟ್ಟಿದ್ದರು, ಅದರ ತೇಪೆಗಳ ಹಿಂಬದಿಯಲ್ಲಿ ತೂತು, ಬೆರಳು ಹೋಗುವಂಥ ತೂತು, ಸುಟ್ಟಂತೆ ಕಪ್ಪಾದ ಅಂಚು. ಮಂಚಯ್ಯನ ಕೈ ತಲೆಗೆ ಹೋಯಿತು. ರುಮಾಲು ಬಿಚ್ಚಿದ. ಗೌಡ್ರೇ ಬ್ಯಾಡ್ರಿ, ತೇಪೆ ಕಿತ್ರೆ ಕಣ್ಣು ಓಗ್ತದೆ ಅಂತಾರೆ ನಿಮ್ಮೋರು, ಖಾಸಿಂ ಸಾಬಿ ಕೈ ಅಡ್ಡ ಹಿಡಿದ. ಹೋಗಲಿ ಆ ಕಣ್ಣು, ಇದ್ದು ಏನು ನೋಡಿತು. ರಾಗಿಗಂಜಿ ಕಲ್ಲಾಗಿತ್ತು, ಉಗುರು ಸಂದಿಯಲ್ಲಿ ರಕ್ತ ಬಂತು, ಮೊದಲನೆಯ ತೇಪೆ ಚಕ್ಕೆಯಾಗಿ ಎದ್ದು ಬಂದಿತು. ಕೆಳಗೆ ಎಣ್ಣೆಮಸಿಯ ಕಪ್ಪು, ಗಂಜಿಯ ಕಂದು ಪುಡಿ, ಬಟ್ಟೆ. ಬರೀ ಬಟ್ಟೆ. ಎರಡನೆಯದು ಕಿತ್ತ, ಬಟ್ಟೆ. ಮೂರನೆಯದು, ಬಟ್ಟೆ. ನಾಲ್ಕು. ಐದು. ಚೌಕವನ್ನು ಎರಡು ಕೈಯಲ್ಲಿ ಹಿಡಿದು ಗುಂಡಿಯ ಮೇಲಿನ ಆಕಾಶಕ್ಕೆ ಎತ್ತಿ ನೋಡಿದ, ಸಂಕ್ರಾಂತಿಯ ಬಿಸಿಲಿಗೆ ಒಂದು ಸಾಸಿವೆಕಾಳಿನಷ್ಟು ಬೆಳಕೂ ಅದರಿಂದ ತೂರಿ ಬರಲಿಲ್ಲ.

ಒಗೀಬ್ಯಾಡಿ ಅಂತ. ಅತ್ಗೆಮ್ಮಂಗೂ ಏ‌ಳು, ಒಗೀಬ್ಯಾಡಿ ಅಂತ. ನೀರಿಗೆ ಹಾಕಿದರೆ ಗಂಜಿ ಬಿಡುತ್ತದೆ, ಗಂಜಿ ಬಿಟ್ಟರೆ ತೇಪೆ ಬೀಳುತ್ತದೆ, ತೇಪೆ ಬಿದ್ದರೆ ಅಣ್ಣ — ಜ್ವರ ನೆತ್ತಿಗೇರಿರಲಿಲ್ಲ, ಹಲ್ಲು ಕಟಕಟ ಕಡಿಯುತ್ತ ಇದನ್ನೇ ಯೋಚಿಸುತ್ತ ಮಲಗಿದ್ದನಲ್ಲ, ಗೋಡೆಯ ಈಚೆ ನಾನು ನಕ್ಕದ್ದು ಕೇಳಿಸಿಕೊಂಡನಲ್ಲ, ನಗಲಿ ಬಿಡು ಎಂದುಕೊಂಡಿರುತ್ತಾನೆ, ಮುಖ ಗಂಟುಹಾಕಿಕೊಂಡು, ಬಾಯೊಳಗೋಗಿ ಇಂದ್ಲಿಂದ ಬಂತು ಕಣಣ್ಣ, ಉರುಲು ಹಾಕಿ ಹಿಡಿದ ಮೊಲ, ಯಾವ ಹೊತ್ತಿನಲ್ಲಿ ಎದ್ದು ಹೋಗಿ ಉರುಲು ಇಟ್ಟು ಬರುತ್ತಿದ್ದನೋ, ಮೈಸೂರಲ್ಲಿ ನನ್ ಬುಡಾಕಿಲ್ವಾ, ಬಿಡದಿದ್ದರೆ ಅಲ್ಲಿ ಮೊರ ಏಳುವುದಿಲ್ಲ, ಅಷ್ಟು ದೊರೆಗಳ ಮುಂದೆ ಅಣ್ಣ ಮೀಸೆಗೆ ಕೈಹಾಕಿ ನಿಂತಿರುತ್ತಾನೆ, ಅದಕ್ಕೇ ಆ ಬಹಳ ಹೊತ್ತು, ಆವತ್ತು ಗುಂಡಿಯಿಂದ ಏನೂ ಏಳದೆ ಇದ್ದ ಆ ಹೊತ್ತು, ಇಲ್ಲೇ ಈ ಕಲ್ಲಿನ ಮೇಲೆ ನಿಂತು ಒಂದು ಕೈಯಲ್ಲಿ ಗಳ ಒಂದು ಕೈಯಲ್ಲಿ ಕೆಂಪು ಬಟ್ಟೆ ಹಿಡಿದು ಯಾವುದನ್ನು ಎತ್ತಲಿ ಎಂದು, ಕೆನ್ನೆಗೆ ಏಟು ಬೀಳುತ್ತದೆ ಎಂದು ಗೊತ್ತಿದ್ದು, ಎತ್ತಿದನಲ್ಲ, ಹತ್ತು ಹನ್ನೆರಡು ವರ್ಷದಲ್ಲಿ ನನಗೆ ಅವನು ತೋರಿಸಿದ ಒಂದೇ ನಿಜ ಅದು, ಅದಕ್ಕೆ ನಾನು — ಮೇಲೆ ಡವಾಲಿಯವನು ಕೂಗುತ್ತಿದ್ದಾನೆ, ಗೌಡ್ರೇ ಇನ್ನೊಂದ್ ತೋಟಾ ಐತೆ, ಒಡೀತೀರಾ ಇಲ್ವಾ, ಸಾಯೇಬ್ರು ಕೇಳ್ತಾವ್ರೆ. ಖಾಸಿಂ ಸಾಬಿ ಕೆಳಗೆ ಬಿದ್ದ ತೇಪೆಗಳನ್ನು ಒಂದೊಂದೇ ಆರಿಸಿ ಆ ಗೂಡಿನಲ್ಲಿಟ್ಟ. ಮೂಲೆಯಲ್ಲಿ ಗಳ ಒರಗಿದೆ, ತುದಿಯಲ್ಲಿ ಅವ್ವನ ಮೊರ, ಸುಣ್ಣ ಅಲ್ಲಲ್ಲಿ ಎದ್ದಿದೆ, ಒಣಗಿದ ಮೇಲೂ ಬಳಿದ ಸುಣ್ಣ, ಒಳಗೆ ಹರಿದ ಸೀರೆಯ ಚೂರು ಹಾಸಿದ್ದರು, ಕೆಂಪಗೆ ಇಲಿಮರಿಯಂತೆ ಇತ್ತು, ಇವನ್ನ ಬುಟ್ಟಾಕ್ಬ್ಯಾಡ, ಮಂಚಯ್ಯ ನುಣ್ಣಗಾದ ಕಲ್ಲಿನ ಮೇಲೆ ಕಾಲಿಟ್ಟ, ಪಾದ ಅದರಲ್ಲಿ ಸರಿಯಾಗಿ ಕೂತಿತು, ಎರಡೂ ಕೈಯಲ್ಲಿ ಗಳ ಹಿಡಿದ. ಎತ್ತಿದ. ಯಾರ್ಲಾ ಅದು ಮೊರ ಎತ್ತಾವ್ರೆ ಎಂದು ದೂರದಲ್ಲಿ ಯಾರೋ ನಕ್ಕರು, ಯಾರೂ ಗುಂಡೇ ಒಡ್ದಿಲ್ವಲ್ಲಪ್ಪ. ಒಡ್ದಿಲ್ಲ. ಗುಂಡು ಬರ್ನಿಲ್ಲ. ಮೊರ ಮೇಲಕ್ಕೆ ಹೋಯಿತು, ಒಂದು ಗಳಿಗೆ ನಿಂತಿತು, ಬಾಗಿ ಕರೀ ಚುಕ್ಕೆಯನ್ನು ಮುಟ್ಟಿತು, ಇಳಿಯಿತು. ಗುಂಡು ಬರ್ನಿಲ್ಲ ಅಣ್ಣ. ಬಿಳೀ ಮೊರ. ಮತ್ತೆ ಮೇಲಕ್ಕೆ. ಗುಂಡು ಬರ್ನಿಲ್ಲ. ಮೊರ —